ಐಸ್‌ಲ್ಯಾಂಡಿಗೆ ಜೀನ್ಸ್ ಬೇಡ, ಚಟ್ನಿಪುಡಿ ಇರಲಿ

ಹೋದ ಸಂಚಿಕೆಯಲ್ಲಿ ಐಸ್‌ಲ್ಯಾಂಡ್ ಗ್ರೂಪ್ ಟೂರ್ ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಚೀಲದ ತುಂಬ ಪತ್ರ ಬಂದಿವೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವೇ ಜಾಸ್ತಿ. ಈ ಬಿಸಿಲಲ್ಲಿ ಕೂತವರು ಹಿಮನದಿ ಬಗ್ಗೆ ಕೇಳದೆ ಇನ್ನೇನು ಕೇಳುತ್ತಾರೆ ಬಿಡಿ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ನಾನು ಬಳ್ಳಾರಿ ಕೌಲ್‌ಬಜಾರಿನವಳು, ಬೆಂಗಳೂರಿನ ಕಂಪನಿಯೊಂದಕ್ಕೆ ಟೂರ್ ಮ್ಯಾನೇಜರ್. ಗ್ರೂಪಿನ ಜೊತೆ ಹೋಗುವುದು, ತಲೆ ಎಣಿಸಿ ಬಸ್ ಹತ್ತಿಸುವುದು, ಬಾತ್‌ರೂಮ್ ಎಲ್ಲಿದೆ ಅಂತ ತೋರಿಸುವುದು ನನ್ನ ಕೆಲಸ. ಬೇರೆ ಬೇರೆ ಪತ್ರಗಳಲ್ಲಿ ಒಂದೇ ಪ್ರಶ್ನೆ ಇದ್ದರೆ ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಯಸ್ಸು 64. ಮನೆಯವರಿಗೆ ಮಂಡಿ ನೋವಿದೆ. ಎರಡು ಪ್ರೋಗ್ರಾಂ ಕೈಯಲ್ಲಿವೆ. ಒಂದರಲ್ಲಿ ಏಳು ರಾತ್ರಿ, ಇಡೀ ದ್ವೀಪ ಸುತ್ತಿಸುತ್ತಾರೆ. ಇನ್ನೊಂದರಲ್ಲಿ ಆರು ರಾತ್ರಿ, ಬರೀ ದಕ್ಷಿಣ ಭಾಗ. ದುಡ್ಡು ಹೆಚ್ಚುಕಡಿಮೆ ಒಂದೇ. ಮೊದಲನೆಯದೇ ಲಾಭ ಅಲ್ವಾ? (ಗಂಗಾವತಿ)

ಉತ್ತರ: ಬಸ್ಸಿನ ಸೀಟು ನಿಮಗೆ ಅಷ್ಟು ಇಷ್ಟವಾಗಿದ್ದರೆ ಲಾಭವೇ ಸರ್.

ದ್ವೀಪವನ್ನು ಸುತ್ತುವ ಒಂದನೇ ನಂಬರ್ ರಸ್ತೆ ಸುಮಾರು 1,320 ಕಿಲೋಮೀಟರ್ ಇದೆ. ಬಹುಪಾಲು ಎರಡೇ ಲೇನು. ಡಾಂಬರು ರಸ್ತೆಯಲ್ಲೂ ಗಂಟೆಗೆ 90 ಕಿಲೋಮೀಟರ್ ಮೀರುವಂತಿಲ್ಲ. ರೈಲಂತೂ ಆ ದೇಶದಲ್ಲೇ ಇಲ್ಲ. ಇನ್ನು ಗಾಳಿ ಎದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ಆವತ್ತಿನ ಊರು ಆವತ್ತು ಸಿಗಲಿಲ್ಲ ಅಂದರೆ, ಏಳು ರಾತ್ರಿಯ ಪಟ್ಟಿಯಲ್ಲಿ ಅದನ್ನು ಸರಿದೂಗಿಸೋಕೆ ಜಾಗವೇ ಇರುವುದಿಲ್ಲ. ಉತ್ತರ ಭಾಗ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಮೀವಾಟ್ನ್ ಸರೋವರದ ಹತ್ತಿರ ಕುದಿಯುವ ಕೆಸರಿನ ಹೊಂಡಗಳಿವೆ, ಹೂಸಾವಿಕ್‌ನಲ್ಲಿ ತಿಮಿಂಗಿಲ ನೋಡಬಹುದು. ಆದರೆ ಸುತ್ತಬೇಕು ಅಂದರೆ ಹತ್ತು ರಾತ್ರಿಯಾದರೂ ಬೇಕು. ಇದು ನನ್ನ ಅಭಿಪ್ರಾಯ, ನಮ್ಮ ಕಂಪನಿಯದಲ್ಲ. ಅವರೂ ಏಳು ರಾತ್ರಿಯದನ್ನೇ ಮಾರುತ್ತಾರೆ!

ನೀವು ದಕ್ಷಿಣಕ್ಕೇ ಹೋಗಿ. ಆದರೆ ಅಲ್ಲೂ ಒಂದು ವಿಷಯ ನೋಡಬೇಕು. ರಾತ್ರಿ ಎಲ್ಲಿ ಉಳಿಸುತ್ತಾರೆ? ಆರೂ ರಾತ್ರಿ ರಾಜಧಾನಿ ರೇಕ್ಯಾವಿಕ್‌ನಲ್ಲೇ ಇಟ್ಟು, ಯೋಕುಲ್ಸಾರ್‌ಲೋನ್ ಹಿಮ ಸರೋವರಕ್ಕೆ ಒಂದೇ ದಿನದಲ್ಲಿ ಹೋಗಿ ಬರುವ ಪ್ಯಾಕೇಜುಗಳಿವೆ. ಹೋಗುವುದಕ್ಕೇ ಐದು ತಾಸು, ಬರುವುದಕ್ಕೆ ಇನ್ನೈದು. ಸರೋವರದ ಮುಂದೆ ನಿಲ್ಲಿಸಿ ಮುಕ್ಕಾಲು ಗಂಟೆ ಕೊಡುತ್ತಾರೆ. ಅದರಲ್ಲಿ ಅರ್ಧ ಬಾತ್‌ರೂಮ್ ಕ್ಯೂಗೇ ಹೋಗುತ್ತದೆ. ವೀಕ್ ಊರಿನ ಸುತ್ತ ಅಥವಾ ಹೋಫ್ನ್ ಕಡೆ ಎರಡು ರಾತ್ರಿ ಇದ್ದರೆ ಆ ಪ್ಯಾಕೇಜನ್ನು ಧೈರ್ಯವಾಗಿ ತೆಗೆದುಕೊಳ್ಳಿ.

ಮಂಡಿ ವಿಚಾರ. ಸ್ಕೋಗಾಫಾಸ್ ಜಲಪಾತ 60 ಮೀಟರ್ ಎತ್ತರ ಇದೆ. ಅದರ ಬುಡದವರೆಗೆ ಸಮತಟ್ಟಾದ ದಾರಿ, ಅಮ್ಮನವರು ಆರಾಮಾಗಿ ನಡೆಯಬಹುದು. ಪಕ್ಕದಲ್ಲಿ ನೆತ್ತಿಗೆ ಹತ್ತುವ ಮೆಟ್ಟಿಲಿವೆ, 500ಕ್ಕೂ ಜಾಸ್ತಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ ಮರುದಿನ ಮಂಡಿ ಏನು ಹೇಳಿತು ಅಂತ ಕೇಳಿ ನೋಡಿ, ಹತ್ತಬೇಕೋ ಬೇಡವೋ ಗೊತ್ತಾಗುತ್ತದೆ. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂಭಾಗದಲ್ಲಿ ನಡೆದು ಬರಬಹುದು, ಫೋಟೋಗಳಲ್ಲಿ ಎಲ್ಲರೂ ಹಾಕುವುದು ಅದನ್ನೇ. ಆದರೆ ಕಲ್ಲು ಒದ್ದೆ, ಜಾರುತ್ತದೆ. ಹಿಮನದಿಯ ಮೇಲಿನ ನಡಿಗೆಗೆ ಬೂಟಿಗೆ ಮೊಳೆಪಟ್ಟಿ ಕಟ್ಟಿಕೊಂಡು ಏರಿ ಇಳಿಯಬೇಕು, ಅದು ಅವರಿಗೆ ಬೇಡ. ಆ ಹೊತ್ತಿಗೆ ಬೇರೆ ಏನು ವ್ಯವಸ್ಥೆ ಮಾಡುತ್ತಾರೆ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಸರೋವರದ ಬೋಟು, ಬಿಸಿನೀರಿನ ಕೊಳ, ಹಿಮನದಿ ನಡಿಗೆ, ಈ ಮೂರಕ್ಕೂ ಟಿಕೆಟ್ ಸೇರಿದೆಯಾ ಅಂತಲೂ ಕೇಳಿ. ಅಗ್ಗವಾಗಿ ಕಾಣುವ ಪ್ಯಾಕೇಜುಗಳಲ್ಲಿ ಬಿಟ್ಟುಹೋಗುವುದು ಇವೇ.

ಪ್ರಶ್ನೆ: ನಾವಿರುವಾಗಲೇ ಜ್ವಾಲಾಮುಖಿ ಸಿಡಿದರೆ ಏನು ಗತಿ? ದುಡ್ಡು ವಾಪಸ್ ಬರುತ್ತದಾ? (ಸಿಂಧನೂರು)

ಉತ್ತರ: ಎಲ್ಲ ಸಿಡಿತವೂ ಒಂದೇ ಥರ ಇರಲ್ಲ. ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ ಸುಮಾರು 800 ವರ್ಷ ಸುಮ್ಮನಿದ್ದ ನೆಲ 2021ರ ಮಾರ್ಚ್‌ನಲ್ಲಿ ಬಾಯಿ ತೆರೆಯಿತು. ಆಮೇಲೆ ಮತ್ತೆ ಮತ್ತೆ ತೆರೆದಿದೆ. 2023ರ ನವೆಂಬರ್‌ನಲ್ಲಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿಸಿದರು, ಸುಮಾರು 3,800 ಜನ. 2024ರ ಜನವರಿಯಲ್ಲಿ ಲಾವಾ ಊರೊಳಗೆ ಬಂದು ಮೂರು ಮನೆ ಸುಟ್ಟಿತು. ಅಷ್ಟಾದರೂ ಪಕ್ಕದ ಕೆಫ್ಲಾವಿಕ್ ವಿಮಾನ ನಿಲ್ದಾಣ ನಡೆಯುತ್ತಲೇ ಇತ್ತು. ಯಾಕೆಂದರೆ ಅಲ್ಲಿ ನೆಲ ಉದ್ದಕ್ಕೆ ಸೀಳಿ ಲಾವಾ ಹರಿಯುತ್ತದೆ, ಬೂದಿ ಕಡಿಮೆ.

2010ರ ಏಪ್ರಿಲ್‌ನಲ್ಲಿ ಆಗಿದ್ದು ಬೇರೆ. ಎಯ್ಯಾಫ್ಯಾಟ್ಲಾಯೋಕುಲ್ ಎಂಬ ಜ್ವಾಲಾಮುಖಿ ಇರುವುದು ಹಿಮದ ಕೆಳಗೆ. ಕರಗಿದ ನೀರು ಬೆಂಕಿಯಂಥ ಶಿಲಾರಸಕ್ಕೆ ತಾಗಿದ್ದೇ ತಡ, ಅದು ಒಡೆದು ಹಿಟ್ಟಿನಂಥ ಬೂದಿಯಾಗಿ ಆಕಾಶಕ್ಕೆ ಹೋಯಿತು. ಆ ಬೂದಿ ವಿಮಾನದ ಎಂಜಿನ್ ಒಳಗೆ ಕರಗಿ ಗಾಜಿನಂತೆ ಅಂಟಿಕೊಳ್ಳುತ್ತದೆ. ಹಾಗಾಗಿ ಯೂರೋಪಿನ ದೊಡ್ಡ ಭಾಗದಲ್ಲಿ ಸುಮಾರು ಆರು ದಿನ ವಿಮಾನ ಹಾರಲಿಲ್ಲ. ರದ್ದಾದ ವಿಮಾನಗಳು ಸುಮಾರು ಒಂದು ಲಕ್ಷ.

ದುಡ್ಡಿನ ಮಾತು. ಕಂಪನಿಗಳ ಕರಾರಿನಲ್ಲಿ "ಪ್ರಕೃತಿ ವಿಕೋಪಕ್ಕೆ ನಾವು ಹೊಣೆಯಲ್ಲ" ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ವಿಮೆ ನೋಡಿ. ವೀಸಾಕ್ಕೆ ಕೇಳುವ ವಿಮೆ ಆಸ್ಪತ್ರೆ ಖರ್ಚಿಗೆ ಸಂಬಂಧಿಸಿದ್ದು. ಪ್ರವಾಸ ಅರ್ಧಕ್ಕೆ ನಿಂತರೆ, ವಿಮಾನ ತಪ್ಪಿದರೆ, ಹೆಚ್ಚು ದಿನ ಉಳಿಯಬೇಕಾಗಿ ಬಂದರೆ ಸಿಗುವ ಪರಿಹಾರ ಬೇರೆ ಪುಟದಲ್ಲಿರುತ್ತದೆ. ಆ ಪುಟ ಓದಿ ಸಹಿ ಮಾಡಿ.

ಇನ್ನು, ಲಾವಾ ಹರಿಯುವುದನ್ನು ತೋರಿಸುತ್ತೇವೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ನೀಲಿ ನೀರಿನ ಆ ಪ್ರಸಿದ್ಧ ಬ್ಲೂ ಲಗೂನ್ ಇರುವುದು ಗ್ರಿಂಡಾವಿಕ್ ಪಕ್ಕದಲ್ಲೇ. ಎಷ್ಟೋ ಸಲ ಮುಚ್ಚಿ ತೆರೆದಿದ್ದಾರೆ. ಮುಚ್ಚಿದ್ದರೆ ನಾವು ಗ್ರೂಪನ್ನು ಬೇರೆ ಬಿಸಿನೀರಿನ ಕೊಳಕ್ಕೆ ಕರೆದುಕೊಂಡು ಹೋಗುತ್ತೇವೆ. ಅದಕ್ಕೆ ಬೇಜಾರು ಮಾಡಿಕೊಳ್ಳುವವರು ಪ್ರತಿ ಗ್ರೂಪಿನಲ್ಲೂ ಇಬ್ಬರಾದರೂ ಇರುತ್ತಾರೆ. ಬಿಸಿನೀರು ಬಿಸಿನೀರೇ ಅಲ್ವಾ?

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿ ಸಹ ತಿನ್ನುವವರಲ್ಲ. ಮೀನು, ಕುರಿಮಾಂಸದ ದೇಶದಲ್ಲಿ ಬದುಕಿ ಬರ್ತೀವಾ? (ರಾಯಚೂರು)

ಉತ್ತರ: ಬದುಕಿ ಬರ್ತೀರಿ ತಾಯಿ, ಸ್ವಲ್ಪ ಸಿದ್ಧತೆ ಬೇಕು ಅಷ್ಟೇ. ರೇಕ್ಯಾವಿಕ್‌ನಲ್ಲಿ ಭಾರತೀಯ ಹೋಟೆಲುಗಳಿವೆ. ಊರು ದಾಟಿದ ಮೇಲೆ ಪೆಟ್ರೋಲ್ ಬಂಕಿನ ಅಂಗಡಿಯೇ ಗತಿ. ಅಲ್ಲಿ ನಿಮಗೆ ಸಿಗುವುದು ಬ್ರೆಡ್ಡು, ಬೆಣ್ಣೆ, ಹಣ್ಣು, ಆಲೂಗಡ್ಡೆ ಫ್ರೈ. ಮೊಸರಿನಂತೆ ಗಟ್ಟಿಯಾಗಿರುವ ಸ್ಕಿರ್ ಅಂತ ಒಂದು ಸಿಗುತ್ತದೆ, ರುಚಿ ಚೆನ್ನಾಗಿದೆ. ಆದರೆ ಕೆಲವು ಬಗೆಯವಕ್ಕೆ ಹಾಲು ಹೆಪ್ಪಾಗಿಸಲು ಕರುವಿನ ಹೊಟ್ಟೆಯ ಅಂಶ ಬಳಸುತ್ತಾರೆ. ನಿಮ್ಮಂಥವರು ಡಬ್ಬಿ ಮೇಲೆ ಓದಿಯೇ ತಿನ್ನಬೇಕು, ಇಲ್ಲ ನನ್ನಂಥವರಿಂದ ಓದಿಸಬೇಕು.

ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಒಯ್ಯಿರಿ. ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲೇ ಹಾಕಿ. ಚೀಲದಲ್ಲಿ ಹಾಕಿದರೆ ಅಲ್ಲಿ ತಲುಪುವ ಹೊತ್ತಿಗೆ ಹಿಟ್ಟಾಗಿರುತ್ತದೆ. ತುಪ್ಪ, ಪೇಡ, ಖೋವಾ, ಪನೀರ್, ಮಜ್ಜಿಗೆ ಮೆಣಸಿನಕಾಯಿ ಬೇಡವೇ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಅಲ್ಲಿ ನಿಷೇಧಿಸಿದ್ದಾರೆ. ವಿಮಾನ ಬದಲಿಸುವ ಯೂರೋಪಿನ ಊರಲ್ಲೇ ಬ್ಯಾಗ್ ಬಿಚ್ಚಿಸಬಹುದು.

ರೂಮಿನಲ್ಲಿ ಅಡುಗೆ ಮಾಡಬೇಡಿ ಅಂತ ನಾನು ವಿಮಾನ ಹತ್ತುವ ಮೊದಲೇ ಎಲ್ಲರಿಗೂ ಹೇಳುತ್ತೇನೆ. ಆದರೂ ಒಂದು ಗ್ರೂಪಿನಲ್ಲಿ ಹಿರಿಯರೊಬ್ಬರು ಸಣ್ಣ ಕರೆಂಟ್ ಒಲೆ ತಂದಿದ್ದರು. ಬೆಳಿಗ್ಗೆ ಆರಕ್ಕೆ ಮಂಡಕ್ಕಿಗೆ ಒಗ್ಗರಣೆ ಹಾಕಿದರು. ಸಾಸಿವೆ, ಹಸಿಮೆಣಸಿನಕಾಯಿ ಘಾಟು ಎದ್ದಿದ್ದೇ ಬೆಂಕಿ ಗಂಟೆ ಕೂಗಿತು. ಇಡೀ ಹೋಟೆಲಿನ ಜನ ರಾತ್ರಿ ಉಡುಪಿನಲ್ಲೇ ಅಂಗಳಕ್ಕೆ ಬಂದು ನಿಂತರು, ಅದೂ ಆ ಚಳಿಯಲ್ಲಿ. ಅಗ್ನಿಶಾಮಕದವರು ಬಂದು ಬಾಣಲೆ ನೋಡಿ ನಕ್ಕರು. ಹೋಟೆಲಿನವರು ನಗಲಿಲ್ಲ, ಬಿಲ್ ಕೊಟ್ಟರು. ಕೆಟಲ್‌ನಲ್ಲಿ ನೀರು ಕಾಯಿಸಿ ರೆಡಿಮೇಡ್ ಉಪ್ಪಿಟ್ಟಿಗೆ ಹಾಕಿಕೊಂಡರೆ ಯಾರೂ ಏನೂ ಅನ್ನಲ್ಲ.

ಇನ್ನೊಂದು ಮಾತು. ಸ್ನಾನದ ಬಿಸಿನೀರು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನಿಮ್ಮಂಥ ಮಡಿಯವರು ನನ್ನನ್ನು ಮೊದಲ ದಿನವೇ ಕರೆದು ಕೇಳುತ್ತಾರೆ. ಮೊಟ್ಟೆ ಗಿಟ್ಟೆ ಏನಿಲ್ಲ. ನೀರು ನೆಲದಾಳದಿಂದ ಬಿಸಿಯಾಗಿಯೇ ಬರುತ್ತದೆ, ಗಂಧಕದ ಅನಿಲದ ವಾಸನೆ ಅದು. ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಬೆಚ್ಚಗಿರುವುದು ಈ ನೀರಿನಿಂದಲೇ. ತಣ್ಣೀರಿನ ನಲ್ಲಿಯಲ್ಲಿ ವಾಸನೆ ಇರಲ್ಲ, ನೇರವಾಗಿ ಕುಡಿಯಬಹುದು. ಬಾಟಲಿ ನೀರು ಕೊಂಡರೆ ದುಡ್ಡು ದಂಡ. ಅದೇ ನೆಲದ ಶಾಖದಲ್ಲಿ ಗಾಜಿನ ಮನೆಯೊಳಗೆ ಚಳಿಗಾಲದಲ್ಲೂ ಟೊಮೆಟೊ ಬೆಳೆಯುತ್ತಾರೆ. ಲೋಯ್ಗರ್‌ವಾಟ್ನ್ ಊರಿನಲ್ಲಿ ರೈ ಹಿಟ್ಟಿನ ಬ್ರೆಡ್ಡನ್ನು ಪಾತ್ರೆಯಲ್ಲಿಟ್ಟು ಬಿಸಿ ಮರಳಲ್ಲಿ ಹೂತಿಡುತ್ತಾರೆ. 24 ಗಂಟೆ ಬಿಟ್ಟು ಅಗೆದು ತೆಗೆಯುತ್ತಾರೆ. ಸಿಹಿಯಾಗಿರುತ್ತದೆ, ಮೇಲೆ ಬೆಣ್ಣೆ ಹಚ್ಚಿ ಕೊಡುತ್ತಾರೆ. ಅದನ್ನು ತಪ್ಪಿಸಬೇಡಿ.

ಪ್ರಶ್ನೆ: ಒಂದೇ ಪ್ರವಾಸದಲ್ಲಿ ಮಧ್ಯರಾತ್ರಿಯ ಸೂರ್ಯ, ರಾತ್ರಿ ಆಕಾಶದಲ್ಲಿ ಕಾಣುವ ಉತ್ತರದ ಬಣ್ಣದ ಬೆಳಕು (ನಾರ್ದರ್ನ್ ಲೈಟ್ಸ್) ಎರಡೂ ನೋಡಬೇಕು. ಯಾವ ತಿಂಗಳು? (ಕಂಪ್ಲಿ)

ಉತ್ತರ: ಯಾವ ತಿಂಗಳೂ ಇಲ್ಲ. ಜೂನ್‌ನಲ್ಲಿ ರೇಕ್ಯಾವಿಕ್‌ನಲ್ಲಿ ಸೂರ್ಯ ಮಧ್ಯರಾತ್ರಿ ಹೊತ್ತಿಗೆ ಮುಳುಗಿ ಮೂರು ಗಂಟೆ ಹೊತ್ತಿಗೆ ಮತ್ತೆ ಹುಟ್ಟುತ್ತಾನೆ. ಕತ್ತಲೆಯೇ ಆಗುವುದಿಲ್ಲ. ಬಣ್ಣದ ಬೆಳಕು ಕಾಣಲು ಕತ್ತಲೆ ಬೇಕು, ಅಂದರೆ ಸೆಪ್ಟೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ. ಅದೂ ಮೋಡ ಇರಬಾರದು. ಸೆಪ್ಟೆಂಬರ್‌ನಲ್ಲಿ ಹೋದರೆ ರಸ್ತೆ ತೆರೆದಿರುತ್ತದೆ, ರಾತ್ರಿಯೂ ಸಿಗುತ್ತದೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ತಿಂಗಳು.

ಪ್ರಶ್ನೆ: ಬಟ್ಟೆ ಏನು ಒಯ್ಯಬೇಕು? ಅತ್ತೆಯವರು ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. (ಸಿರುಗುಪ್ಪ)

ಉತ್ತರ: ನಮ್ಮ ಯಜಮಾನರು ಜೀನ್ಸ್ ಹೊಲಿಸುವವರು. ಬಳ್ಳಾರಿಯಲ್ಲಿ ಆ ಕಸುಬಿನಿಂದಲೇ ಎಷ್ಟೋ ಮನೆ ನಡೆಯುತ್ತವೆ, ನಮ್ಮದೂ ಒಂದು. ಆದರೂ ಹೇಳುತ್ತೇನೆ, ಐಸ್‌ಲ್ಯಾಂಡಿಗೆ ಜೀನ್ಸ್ ಬೇಡ. ಅದು ಹತ್ತಿ ಬಟ್ಟೆ. ಜಲಪಾತದ ಹನಿಗೆ ಒಮ್ಮೆ ಒದ್ದೆಯಾದರೆ ಸಂಜೆವರೆಗೂ ಒಣಗಲ್ಲ, ಮೈ ಶಾಖವನ್ನೆಲ್ಲ ಎಳೆಯುತ್ತದೆ. ಈ ಮಾತು ಮನೆಯಲ್ಲಿ ಹೇಳಿದಾಗ ಎರಡು ದಿನ ನನಗೆ ಸರಿಯಾಗಿ ಕಾಫಿ ಸಿಗಲಿಲ್ಲ.

ಒಳಗೆ ಥರ್ಮಲ್, ಮಧ್ಯೆ ಉಣ್ಣೆ, ಮೇಲೆ ಗಾಳಿ ನೀರು ಎರಡನ್ನೂ ತಡೆಯುವ ಜಾಕೆಟ್, ಅಂಥದ್ದೇ ಪ್ಯಾಂಟ್. ಜುಲೈನಲ್ಲೂ ರೇಕ್ಯಾವಿಕ್‌ನಲ್ಲಿ ಹಗಲು 13, 14 ಡಿಗ್ರಿ ಅಷ್ಟೇ. ಚಳಿಗಿಂತ ಗಾಳಿ ಜಾಸ್ತಿ ಕಾಡುತ್ತದೆ. ಕೊಡೆ ಮನೆಯಲ್ಲೇ ಬಿಡಿ, ಅಲ್ಲಿನವರೇ ಹಿಡಿಯಲ್ಲ. ಬೇಸಿಗೆಯಲ್ಲಿ ಹೋದರೆ ಕಣ್ಣುಪಟ್ಟಿ ಇರಲಿ, ಬೆಳಕಲ್ಲೇ ಮಲಗಬೇಕು.

ಅತ್ತೆಯವರು ಸೀರೆಯನ್ನೇ ಉಡಲಿ. ಲಂಗದ ಬದಲು ಥರ್ಮಲ್ ಮೇಲೆ ಆ ಪ್ಯಾಂಟ್ ಹಾಕಿಸಿ, ಸೀರೆಯನ್ನು ಸ್ವಲ್ಪ ಎತ್ತಿ ಉಡಿಸಿ, ಸೆರಗನ್ನು ಜಾಕೆಟ್ ಒಳಗೆ ಸೇರಿಸಿ ಜಿಪ್ ಎಳೆಯಿರಿ. ಹೊರಗೆ ಬಿಟ್ಟ ಸೆರಗು ಗಾಳಿಗೆ ಮುಖಕ್ಕೇ ಬಂದು ಸುತ್ತಿಕೊಳ್ಳುತ್ತದೆ. ಬಸ್ ಬಾಗಿಲು ತೆರೆಯುವಾಗ ಡ್ರೈವರ್ ಹೇಳುವವರೆಗೆ ಯಾರೂ ಇಳಿಯಬೇಡಿ. ಗಾಳಿ ಕಾರಿನ ಬಾಗಿಲನ್ನೇ ಕಿತ್ತು ಹಾಕುವ ದೇಶ ಅದು.

ಪ್ರಶ್ನೆ: ಬಿಸಿನೀರಿನ ಕೊಳಕ್ಕೆ ಇಳಿಯುವ ಮೊದಲು ಬಟ್ಟೆ ಇಲ್ಲದೆ ಸ್ನಾನ ಮಾಡಬೇಕಂತೆ, ನಿಜವಾ? (ಹೆಸರು, ಊರು ಬೇಡ)

ಉತ್ತರ: ನಿಜ. ಕೊಳದ ನೀರಿಗೆ ಔಷಧಿ ಕಡಿಮೆ ಹಾಕುತ್ತಾರೆ. ಅದಕ್ಕೇ ಮೈ ಸೋಪು ಹಚ್ಚಿ ತೊಳೆದು, ಆಮೇಲೆ ಈಜುಡುಗೆ ಹಾಕಿಕೊಂಡು ಇಳಿಯಬೇಕು. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಜಾಗ. ದೊಡ್ಡ ಕೊಳಗಳಲ್ಲಿ ಬಾಗಿಲಿರುವ ಸಣ್ಣ ಕೋಣೆಗಳೂ ಇವೆ, ನಾನು ನಮ್ಮವರನ್ನು ಸೀದಾ ಅಲ್ಲಿಗೇ ಕಳಿಸುತ್ತೇನೆ. ಊರಿನ ಸಣ್ಣ ಕೊಳಗಳಲ್ಲಿ ಅದು ಇಲ್ಲದೆ ಇರಬಹುದು. ಯಾರೂ ಯಾರನ್ನೂ ನೋಡಲ್ಲ ಅಂತ ಹೇಳಿದರೆ ಮೊದಲ ದಿನ ಯಾರೂ ನಂಬಲ್ಲ. ಕೂದಲಿಗೆ ಕಂಡೀಷನರ್ ಹಚ್ಚಿ ಮೇಲೆ ಕಟ್ಟಿಕೊಳ್ಳಿ. ಬ್ಲೂ ಲಗೂನಿನ ನೀರಿನಲ್ಲಿರುವ ಸಿಲಿಕಾ ಕೂದಲನ್ನು ಒರಟು ಮಾಡುತ್ತದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಆನೆಗುಂದಿಯ ಬಂಡೆ ನೋಡಿಕೊಂಡು ಬೆಳೆದವನು. ಐಸ್‌ಲ್ಯಾಂಡಿನ ಬಂಡೆ ಯಾಕೆ ಅಷ್ಟು ಕಪ್ಪು, ಕಂಬದ ಹಾಗೆ ಯಾಕೆ? (ಕೊಪ್ಪಳ)

ಉತ್ತರ: ಪತ್ರಗಳಲ್ಲೇ ನನಗೆ ಖುಷಿ ಕೊಟ್ಟ ಪ್ರಶ್ನೆ ಇದು ತಮ್ಮಾ. ನಿನ್ನ ಆನೆಗುಂದಿಯ ಕಲ್ಲು ಗ್ರಾನೈಟ್. ನೆಲದಾಳದಲ್ಲಿ ತುಂಬಾ ನಿಧಾನವಾಗಿ ತಣ್ಣಗಾಗಿದ್ದರಿಂದ ಅದರ ಹರಳು ಕಣ್ಣಿಗೆ ಕಾಣುತ್ತವೆ. ವಯಸ್ಸು ಸುಮಾರು 250 ಕೋಟಿ ವರ್ಷ. ಐಸ್‌ಲ್ಯಾಂಡಿನಲ್ಲಿ ಅತಿ ಹಳೆಯ ಕಲ್ಲಿಗೂ ಎರಡು ಕೋಟಿ ವರ್ಷ ಆಗಿಲ್ಲ. ಅಲ್ಲಿ ಕಲ್ಲು ಇನ್ನೂ ಹುಟ್ಟುತ್ತಲೇ ಇದೆ. ಅಮೆರಿಕದ ಕಡೆಯ ಭೂಫಲಕ ಒಂದು ಕಡೆಗೆ, ಯೂರೋಪಿನ ಕಡೆಯದು ಇನ್ನೊಂದು ಕಡೆಗೆ ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು ಸರಿಯುತ್ತವೆ. ಜೊತೆಗೆ ದ್ವೀಪದ ಅಡಿಯಲ್ಲಿ ಆಳದಿಂದ ಬಿಸಿ ಮೇಲಕ್ಕೆ ಬರುವ ಜಾಗವೂ ಇದೆ. ಬಿರುಕಿನಲ್ಲಿ ಮೇಲೆ ಬಂದ ಶಿಲಾರಸ ಬೇಗ ತಣ್ಣಗಾಗಿ ಬಸಾಲ್ಟ್ ಆಗುತ್ತದೆ. ಕಬ್ಬಿಣ, ಮೆಗ್ನೀಷಿಯಂ ಜಾಸ್ತಿ ಇರುವುದರಿಂದ ಬಣ್ಣ ಕಪ್ಪು. ಅದನ್ನೇ ಅಲೆ ಪುಡಿ ಮಾಡಿದರೆ ಕಪ್ಪು ಮರಳು.

ಕಂಬ ಹೇಗಾಯಿತು? ಬೇಸಿಗೆಯಲ್ಲಿ ಎರೆ ಹೊಲ ಒಣಗಿ ಬಿರುಕು ಬಿಡುವುದನ್ನು ನೋಡಿರ್ತೀಯ. ಮಣ್ಣು ಕುಗ್ಗುತ್ತದೆ, ಐದಾರು ಮೂಲೆಯ ತುಂಡಾಗಿ ಬಿಡುತ್ತದೆ. ದಪ್ಪ ಲಾವಾ ಪದರವೂ ತಣ್ಣಗಾಗುವಾಗ ಹೀಗೇ ಕುಗ್ಗುತ್ತದೆ. ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಹೋಗಿ ಕಂಬಗಳ ಸಾಲಾಗುತ್ತದೆ. ಉಡುಪಿಯ ಸೇಂಟ್ ಮೇರಿ ದ್ವೀಪದಲ್ಲೂ ಇಂಥ ಕಂಬಗಳಿವೆ, ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದು.

ಜ್ವಾಲಾಮುಖಿ ನಮ್ಮ ಕಡೆಗೂ ಹೊಸದಲ್ಲ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಕಲ್ಲು ಹಳೆಯ ಲಾವಾವೇ. ನೀರಿನಡಿ ಉಕ್ಕಿ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಗುರುತು ಅದರಲ್ಲಿ ಇನ್ನೂ ಇದೆ. ಐಸ್‌ಲ್ಯಾಂಡಿಗೆ ಹೋಗುವ ದುಡ್ಡು ಸೇರುವವರೆಗೆ ನಿಮ್ಮ ಭೂವಿಜ್ಞಾನದ ಮೇಷ್ಟ್ರನ್ನು ಹಟ್ಟಿ ಕಡೆ ಎಳೆದುಕೊಂಡು ಹೋಗು. ಮುಂದೆ ಆ ಭೂಫಲಕಗಳು ಬೇರ್ಪಡುವ ಥಿಂಗ್‌ವೆಟ್ಲಿರ್ ಕಣಿವೆ ನೋಡುವ ಯೋಗ ಬಂದರೆ ಬಿರುಕಿನ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆ. ಕ್ರಿ.ಶ. 930ರಿಂದ ಆ ದೇಶದ ಸಭೆ ಸೇರುತ್ತಿದ್ದ ಜಾಗವೂ ಅದೇ.

ಪ್ರಶ್ನೆ: ಹೋದ ವರ್ಷ ಬೇರೆ ಕಂಪನಿ ಜೊತೆ ಹೋಗಿದ್ದೆ. ಲಕ್ಷಗಟ್ಟಲೆ ಕೊಟ್ಟರೂ ಗೈಡ್ ಸಮುದ್ರದ ಹತ್ತಿರ ಬಿಡಲಿಲ್ಲ, ಎಲ್ಲರೆದುರು ಕೂಗಾಡಿದ. ಮಂಜಿನ ಗುಹೆಯನ್ನೂ ರದ್ದು ಮಾಡಿದರು. ಇದು ಮೋಸ ಅಲ್ವಾ? (ಮಾನ್ವಿ)

ಉತ್ತರ: ಅಲ್ಲ ಅಣ್ಣಾ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಆ ಗೈಡ್ ಸಿಕ್ಕರೆ ನಾನು ಕೈ ಮುಗಿಯುತ್ತೇನೆ.

ರೇನಿಸ್‌ಫ್ಯಾರಾ ಕಪ್ಪು ಮರಳಿನ ದಂಡೆ ನೋಡಲು ಸುಂದರ. ಅಲ್ಲಿ ಹತ್ತಾರು ಸಣ್ಣ ಅಲೆಗಳ ನಡುವೆ ಸದ್ದಿಲ್ಲದೆ ಒಂದು ದೊಡ್ಡ ಅಲೆ ಬರುತ್ತದೆ. ದಂಡೆಯ ಉದ್ದಕ್ಕೂ ಒಳಗೆ ನುಗ್ಗಿ ಕಾಲು ಕಿತ್ತು ಎಳೆಯುತ್ತದೆ. ನೀರು ಹಿಮದಷ್ಟು ತಣ್ಣಗೆ, ಈಜು ಬಂದರೂ ಕೈಕಾಲು ಆಡಲ್ಲ. ಪ್ರವಾಸಿಗರು ಅಲ್ಲಿ ಸತ್ತಿದ್ದಾರೆ, ಒಬ್ಬಿಬ್ಬರಲ್ಲ. ಅದಕ್ಕೇ ಎಚ್ಚರಿಕೆ ದೀಪ ಹಾಕಿದ್ದಾರೆ. ಕೆಂಪು ಉರಿದರೆ ದಂಡೆಗೆ ಇಳಿಯುವ ಹಾಗಿಲ್ಲ. ಅಲೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರನ್ನು ಕಂಡರೆ ನಾನೂ ಕೂಗಾಡುತ್ತೇನೆ. ನಯವಾಗಿ ಹೇಳುವಷ್ಟು ಹೊತ್ತು ಅಲೆ ಕೊಡಲ್ಲ.

ಮಂಜಿನ ಗುಹೆ ಅಂದರೆ ಹಿಮನದಿಯ ಒಳಗೆ ನೀರು ಕೊರೆದ ಟೊಳ್ಳು. ಚಳಿಗಾಲದಲ್ಲಿ ಗಟ್ಟಿ ಇರುತ್ತದೆ, ಬೇಸಿಗೆಯಲ್ಲಿ ಕರಗುತ್ತಿರುತ್ತದೆ. 2024ರ ಆಗಸ್ಟ್‌ನಲ್ಲಿ ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಗೈಡ್ ಜೊತೆಗೇ ಹೋಗಿದ್ದ ಗುಂಪಿನ ಮೇಲೆ ಮಂಜುಗಡ್ಡೆ ಕುಸಿದು ಪ್ರವಾಸಿಯೊಬ್ಬರು ತೀರಿಕೊಂಡರು. ನಿಮ್ಮ ಕಂಪನಿ ರದ್ದು ಮಾಡಿದ್ದು ಸರಿ. ಟಿಕೆಟ್ ದುಡ್ಡು ಹಿಂದಿರುಗಿಸದಿದ್ದರೆ ಅದು ಬೇರೆ ಜಗಳ, ಅದನ್ನು ಖಂಡಿತಾ ಮಾಡಿ.

ಆ ಹಿಮನದಿ ವಟ್ನಾಯೋಕುಲ್ ಎಂಬ ದೊಡ್ಡ ಹಿಮರಾಶಿಯ ಒಂದು ನಾಲಿಗೆ. ವಟ್ನಾಯೋಕುಲ್ ಸುಮಾರು 7,700 ಚದರ ಕಿಲೋಮೀಟರ್ ಹರಡಿದೆ, ಕೆಲವು ಕಡೆ 900 ಮೀಟರ್‌ಗಿಂತ ದಪ್ಪ. ನೂರು ವರ್ಷದ ಹಿಂದೆ ಆ ನಾಲಿಗೆ ಸಮುದ್ರದ ಹತ್ತಿರದವರೆಗೂ ಚಾಚಿತ್ತು. ಯೋಕುಲ್ಸಾರ್‌ಲೋನ್ ಸರೋವರ ಆಗ ಇರಲೇ ಇಲ್ಲ. 1930ರ ದಶಕದಿಂದ ಹಿಮ ಹಿಂದೆ ಸರಿಯುತ್ತಾ ಹೋಯಿತು, ಬಿಟ್ಟ ಹಳ್ಳದಲ್ಲಿ ನೀರು ನಿಂತಿತು. ಈಗ ಅದು 200 ಮೀಟರ್‌ಗಿಂತ ಆಳ. ನೀವು ಬೋಟಿನಲ್ಲಿ ಕೂತು ಫೋಟೋ ತೆಗೆದ ನೀಲಿ ಮಂಜುಗಡ್ಡೆಗಳು ಯಾವ ಕ್ಷಣದಲ್ಲಾದರೂ ಮಗುಚಬಹುದು, ಅದಕ್ಕೇ ಬೋಟಿನವರು ದೂರ ನಿಲ್ಲಿಸುತ್ತಾರೆ. ಓಕ್ ಅನ್ನುವ ಸಣ್ಣ ಹಿಮನದಿ ಎಷ್ಟು ತೆಳುವಾಯಿತೆಂದರೆ 2014ರಲ್ಲಿ ಅದನ್ನು ಹಿಮನದಿಗಳ ಪಟ್ಟಿಯಿಂದಲೇ ತೆಗೆದರು. 2019ರಲ್ಲಿ ಅದರ ನೆನಪಿಗೆ ಅಲ್ಲಿ ಒಂದು ಫಲಕ ಹಾಕಿದ್ದಾರೆ.

ಪ್ರಶ್ನೆ: ವೀಸಾ ಕಷ್ಟನಾ? (ದೇವದುರ್ಗ)

ಉತ್ತರ: ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ನೀವೇ ಹೋಗಬೇಕು, ಕಂಪನಿಯವರು ಹೋದರೆ ಆಗಲ್ಲ. ವಾಪಸ್ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಅವಧಿ ಇರಲಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬ್ಯಾಂಕ್ ಖಾತೆಗೆ ಅರ್ಜಿ ಹಾಕುವ ವಾರವೇ ದೊಡ್ಡ ದುಡ್ಡು ತಂದು ಹಾಕಬೇಡಿ, ಎಲ್ಲಿಂದ ಬಂತು ಅಂತ ಕೇಳುತ್ತಾರೆ.

ಪ್ರಶ್ನೆ: ನೆನಪಿಗೆ ಅಂತ ಕಪ್ಪು ಮರಳು, ಕಲ್ಲು ತರಬಹುದಾ? ಇಲ್ಲದಿದ್ದರೆ ಏನು ತರಲಿ? (ಸಂಡೂರು)

ಉತ್ತರ: ಸಂಡೂರಿನವರಿಗೆ ಮಣ್ಣು ಹೊತ್ತುಕೊಂಡು ಹೋಗುವವರ ಬಗ್ಗೆ ನಾನು ಹೇಳಬೇಕಾ? ಮರಳು, ಕಲ್ಲು ಅಲ್ಲೇ ಇರಲಿ. ಲಾವಾ ಮೇಲಿನ ಪಾಚಿಯನ್ನಂತೂ ಕೀಳಬೇಡಿ, ತುಳಿಯಲೂ ಬೇಡಿ. 1783ರಲ್ಲಿ ಲಾಕಿ ಬಿರುಕಿನಿಂದ ಹರಿದ ಲಾವಾ ಬಯಲಿನ ಮೇಲೆ ಈಗ ಮೆತ್ತನೆಯ ಹಸಿರು ಪಾಚಿ ಇದೆ. ಒಂದು ಹೆಜ್ಜೆ ಗುರುತು ಮುಚ್ಚಲು ಹತ್ತಾರು ವರ್ಷ ಬೇಕು.

ತರುವುದಾದರೆ ಅಲ್ಲಿನ ಕುರಿ ಉಣ್ಣೆಯ ಸ್ವೆಟರ್ ತನ್ನಿ. ಕುತ್ತಿಗೆ ಸುತ್ತ ವೃತ್ತಾಕಾರದ ಚಿತ್ತಾರ ಇರುತ್ತದೆ. ಕೈಯಲ್ಲಿ ಹೆಣೆದದ್ದು ದುಬಾರಿ, ಚರ್ಮಕ್ಕೆ ಚುಚ್ಚುತ್ತದೆ, ಸಂಡೂರಿನಲ್ಲಿ ಹಾಕಿಕೊಳ್ಳುವ ದಿನ ವರ್ಷಕ್ಕೆ ಒಂದೂ ಸಿಗಲಿಕ್ಕಿಲ್ಲ. ಆದರೂ ಎಲ್ಲರೂ ಕೊಳ್ಳುತ್ತಾರೆ. ಪ್ರವಾಸದ ಮೊದಲ ದಿನವೇ ಕೊಂಡರೆ ಅಲ್ಲಾದರೂ ಹಾಕಿಕೊಳ್ಳಬಹುದು. ತೆರಿಗೆ ವಾಪಸಾತಿ ಚೀಟಿಯನ್ನು ಅಂಗಡಿಯಲ್ಲೇ ಕೇಳಿ ತುಂಬಿಸಿಕೊಳ್ಳಿ, ರಸೀದಿಯನ್ನು ಪಾಸ್‌ಪೋರ್ಟ್ ಜೊತೆ ಇಡಿ. ಸೂಟ್‌ಕೇಸಿನ ತಳದಲ್ಲಿ ಇಟ್ಟು ಆಮೇಲೆ ವಿಮಾನ ನಿಲ್ದಾಣದಲ್ಲಿ ನನ್ನನ್ನು ಹುಡುಕಬೇಡಿ.